ಆ ಸ್ಕ್ರೂ ಮುಟ್ಟಬೇಡಿ, ಮೊದಲು ವೈರ್ ನೋಡಿ

ಈ ಸಲ ತೆಂಗಿನ ನುಸಿ ವಿಚಾರಾನೂ ಇಲ್ಲ, ರಾಗಿ ವಿಚಾರಾನೂ ಇಲ್ಲ. ಗಾಡಿ ವಿಚಾರ. ಸ್ವಲ್ಪ ಉದ್ದ ಆಗುತ್ತೆ, ಹಾಲು ಹಾಕಿ ಬಂದು ಕೂತ್ಕೊಂಡು ಓದಿ.

ನಮ್ಮ ಸುತ್ತಮುತ್ತ ಯಾವ ಹಳ್ಳಿಗೆ ಹೋದ್ರೂ ಬೀದಿಗೊಂದು ಎರಡು ಹಳೇ ಮಾರುತಿ ನಿಂತಿರ್ತವೆ. 800 ಇಲ್ಲಾ ಓಮ್ನಿ. 800 ಗಾಡಿ ಬಂದಿದ್ದು 1983ರಲ್ಲಿ, ನಿಂತಿದ್ದು 2014ರಲ್ಲಿ. ಓಮ್ನಿ 2019ರ ತನಕ ಬಂತು. ಕಂಪನಿ ನಿಲ್ಲಿಸಿದ್ರೂ ನಾವು ನಿಲ್ಲಿಸಿಲ್ಲ. ಕಾಯಿ ಮೂಟೆ, ಹಾಲಿನ ಕ್ಯಾನು, ಬೂಸಾ, ಮೋಟಾರು ರಿಪೇರಿಗೆ ಒಯ್ಯೋದು, ಮದುವೆಗೆ ಹೆಂಗಸರು ಮಕ್ಕಳನ್ನ ಕರ್ಕೊಂಡು ಹೋಗೋದು, ಎಲ್ಲಾ ಅದರಲ್ಲೇ. ಇಂಥ ಎಷ್ಟೋ ಗಾಡಿಗಳು ಕಾಲು ತೆಗೆದ ಮೇಲೂ ರೇಸ್ ಇಳಿಯದೆ ಕೂಗ್ತಾ ನಿಂತಿರ್ತವೆ. ಅಂಗಡಿ ಮುಂದೆ ನಿಲ್ಲಿಸಿ ಬೀಡಿ ತಗೊಂಡು ಬರೋ ಅಷ್ಟರಲ್ಲಿ ಅರ್ಧ ಊರಿಗೆ ಕೇಳೋ ಹಂಗೆ ಕೂಗ್ತವೆ. ಕೇಳಿದ್ರೆ, "ಅಯ್ಯೋ ಅದು ಹಂಗೇ ಕಣಣ್ಣ, ಹಳೇ ಗಾಡಿ ಅಲ್ವಾ" ಅಂತಾರೆ.

ಹಂಗೇ ಅಲ್ಲ. ಯಾವ ಗಾಡೀನೂ ಹಂಗೆ ಹುಟ್ಟಿಲ್ಲ. ಅದನ್ನ ಹಂಗೆ ಮಾಡಿಟ್ಟಿರೋರು ನಮ್ಮ ಜನ ಮತ್ತೆ ನಮ್ಮ ಗ್ಯಾರೇಜಿನೋರು ಸೇರ್ಕೊಂಡು. ಹೆಂಗೆ ಅಂತ ಹೇಳ್ತೀನಿ, ಕೋಪ ಮಾಡ್ಕೊಳ್ಳೋರು ಪೂರ್ತಿ ಓದಿ ಆಮೇಲೆ ಮಾಡ್ಕೊಳ್ಳಿ.

ಗಾಡಿಗೆ ಏನೇ ಆದ್ರೂ ನಮ್ಮ ಕಡೆ ಒಂದು ಸ್ಕ್ರೂ ಡ್ರೈವರ್ ಹೊರಗೆ ಬರುತ್ತೆ. ಗಾಡಿ ನಿಂತಲ್ಲಿ ಆಫ್ ಆಗ್ತಿದೆಯಾ, ಐಡಲ್ ಸ್ಕ್ರೂ ಅರ್ಧ ಸುತ್ತು ಒಳಕ್ಕೆ. ರೇಸ್ ಜಾಸ್ತಿ ಆಯ್ತಾ, ಅರ್ಧ ಸುತ್ತು ಹೊರಕ್ಕೆ. ಚಳಿಗಾಲದಲ್ಲಿ ಒಳಕ್ಕೆ, ಬೇಸಿಗೇಲಿ ಹೊರಕ್ಕೆ. ಹೊಗೆ ತಪಾಸಣೆಗೆ ಹೋಗೋ ದಿನ ಇನ್ನೊಂದು ಸಲ. ಹತ್ತು ವರ್ಷದಲ್ಲಿ ಹತ್ತು ಜನರ ಕೈ ತಿರುಗಿಸಿ ಆ ಸ್ಕ್ರೂ ತಲೆ ಸವೆದು ನುಣ್ಣಗೆ ಆಗಿರುತ್ತೆ, ಆದ್ರೆ ಕಾಯಿಲೆ ಎಲ್ಲಿದೆ ಅಂತ ಒಬ್ಬರೂ ನೋಡಿರಲ್ಲ. ಜ್ವರ ಬಂದ್ರೆ ಥರ್ಮಾಮೀಟರ್ ಒಡೆದು ಹಾಕಿದ ಹಂಗೆ ಇದು.

ಒಳಗೆ ಏನಿದೆ ಅಂತ ಒಂದೆರಡು ಮಾತಲ್ಲಿ ಹೇಳ್ತೀನಿ. ಇಂಜಿನ್‌ಗೆ ಗಾಳಿ ಹೋಗೋ ಕೊಳವೇಲಿ ಒಂದು ದುಂಡನೆ ತಗಡಿದೆ, ಬಟರ್‌ಫ್ಲೈ ಅಂತಾರೆ. ನೀವು ಎಕ್ಸಲೇಟರ್ ತುಳಿದ್ರೆ ವೈರ್ ಎಳೆದು ಆ ತಗಡು ತೆರ್ಕೊಳ್ಳುತ್ತೆ. ಕಾಲು ತೆಗೆದ್ರೆ ಸ್ಪ್ರಿಂಗ್ ಅದನ್ನ ವಾಪಸ್ ಮುಚ್ಚುತ್ತೆ. ಕಾಲುವೆಗೆ ತೂಬು ಹೆಂಗೋ ಹಂಗೆ. ಐಡಲ್ ಸ್ಕ್ರೂ ಅನ್ನೋದು ಆ ತೂಬು ಎಲ್ಲಿಗೆ ಬಂದು ನಿಲ್ಲಬೇಕು ಅನ್ನೋ ಗೂಟ ಅಷ್ಟೆ. ತೂಬಿಗೆ ಕಸ ಸಿಕ್ಕಿ ಅರ್ಧಕ್ಕೇ ನಿಂತಿದ್ರೆ ಗೂಟ ಕಿತ್ತು ಬೇರೆ ಕಡೆ ಹೊಡೆದ್ರೆ ನೀರು ನಿಲ್ಲುತ್ತಾ? ಬದುವಿನಲ್ಲಿ ಏಡಿ ತೂತು ಮಾಡಿ ನೀರು ಬೇರೆ ದಾರೀಲಿ ನುಗ್ತಿದ್ರೆ ಗೂಟ ಏನು ಮಾಡುತ್ತೆ? ಇಷ್ಟು ನಮಗೆ ಗದ್ದೇಲಿ ಗೊತ್ತು. ಬಾನೆಟ್ ಎತ್ತಿದ ತಕ್ಷಣ ಮರೆತು ಹೋಗುತ್ತೆ.

ಇನ್ನೊಂದು ಏನಂದ್ರೆ, ನಾವು ಟ್ರ್ಯಾಕ್ಟರ್ ಓಡಿಸಿ ಅಭ್ಯಾಸ ಆದೋರು. ಅದರಲ್ಲಿ ಕೈ ಎಕ್ಸಲೇಟರ್ ಇಟ್ಟು ಬಿಟ್ರೆ ರೇಸ್ ಒಂದೇ ಕಡೆ ನಿಲ್ಲುತ್ತೆ, ಅದು ಬೇಕಂತಲೇ ಹಂಗೆ ಮಾಡಿರೋದು. ಅದಕ್ಕೇ ಕಾರು ಕೂಗ್ತಾ ಇದ್ರೂ ನಮ್ಮ ಕಿವಿಗೆ ತಪ್ಪು ಅನ್ಸಲ್ಲ. ಕಾರಿಗೆ ಆ ಲೆಕ್ಕ ಇಲ್ಲ. ಬಿಸಿ ಆದ ಮೇಲೆ ಈ ಇಂಜಿನ್‌ಗಳು ನಿಂತಲ್ಲಿ ನಿಮಿಷಕ್ಕೆ ಸುಮಾರು 800ರಿಂದ 900 ಸುತ್ತು ತಿರುಗಬೇಕು. ನಮ್ಮ ಗಾಡೀಲಿ ಆ ಮೀಟರ್ ಇಲ್ಲ, ಕಿವೀನೇ ಮೀಟರ್. ಪಕ್ಕದಲ್ಲಿ ಕೂತೋರ ಹತ್ರ ಮಾಮೂಲಿ ದನಿಯಲ್ಲಿ ಮಾತಾಡೋಕೆ ಆಗ್ಬೇಕು. ಫಸ್ಟ್ ಗೇರ್ ಹಾಕಿದ್ರೆ ಗಾಡಿ ಎಗರಬಾರದು. ರಿವರ್ಸ್ ಹಾಕಿದ್ರೆ ಕಟಕಟ ಅಂತ ಹಲ್ಲು ಕಡಿಯಬಾರದು.

ಮೊದಲು ಎರಡು ಕಾಯಿಲೆ ಬೇರೆ ಬೇರೆ ಮಾಡ್ಕೊಳ್ಳಿ. ಒಂದು, ತುಳಿದು ಬಿಟ್ಟ ಮೇಲೆ ಎಕ್ಸಲೇಟರ್ ಹಿಡ್ಕೊಳ್ಳೋದು. ಕೆಲವು ಸಲ ಬರುತ್ತೆ, ಕೆಲವು ಸಲ ಬರಲ್ಲ. ಇನ್ನೊಂದು, ತುಳಿಯದೇ ಇದ್ರೂ ಯಾವಾಗ್ಲೂ ರೇಸ್ ಮೇಲೇ ಇರೋದು. ಕಾಲಿನ ಬೆರಳನ್ನ ಪೆಡಲ್ ಕೆಳಗೆ ತೂರಿಸಿ ಮೇಲಕ್ಕೆ ಎತ್ತಿ ನೋಡಿ. ಗಾಡಿ ನಿಂತಿರುವಾಗ ಮಾತ್ರ, ಓಡ್ತಿರುವಾಗ ಅಲ್ಲ. ಎತ್ತಿದಾಗ ರೇಸ್ ಇಳಿದ್ರೆ ಎಲ್ಲೋ ಹಿಡೀತಿದೆ ಅಂತ. ಎತ್ತಿದ್ರೂ ಇಳಿಯಲಿಲ್ಲ ಅಂದ್ರೆ ಇಂಜಿನ್ ಹತ್ರ ನೋಡಬೇಕು. ಈ ಒಂದು ಕೆಲಸಕ್ಕೆ ಪೈಸೆ ಖರ್ಚಿಲ್ಲ. ಇದನ್ನೂ ಮಾಡದೆ ಸ್ಕ್ರೂ ಡ್ರೈವರ್ ಹಿಡಿಯೋನನ್ನ ನಾನು ಮೆಕ್ಯಾನಿಕ್ ಅಂತ ಒಪ್ಪಲ್ಲ.

ಪಕ್ಕದ ಹಳ್ಳಿಯ ಒಬ್ಬರ ಓಮ್ನಿಗೆ ಮೊದಲನೇ ಕಾಯಿಲೆ ಇತ್ತು. ಪೇಟೆಯ ಒಂದು ಗ್ಯಾರೇಜಿಗೆ ಬಿಟ್ಟರು. ಸಂಜೆಗೆ "ಕಾರ್ಬೋರೇಟರ್ ಹೋಗಿದೆ, ಬದಲಾಯಿಸಿದೀವಿ" ಅಂತ ಬಿಲ್ ಕೈಗಿಟ್ಟರು. ಆ ಬಿಲ್ಲಿನ ದುಡ್ಡಲ್ಲಿ ಒಂದು ಕುರಿ ಮರಿ ಬರ್ತಿತ್ತು. ಎರಡು ವಾರ ಚೆನ್ನಾಗಿತ್ತು. ಆಮೇಲೆ ಸಂತೆ ದಿನ, ಜನ ಇರೋ ಕಡೆ, ಗಾಡಿ ನಿಧಾನಕ್ಕೆ ಮುಂದಕ್ಕೆ ತಗೊಳ್ಳೋಣ ಅಂತ ಒಂಚೂರು ತುಳಿದ್ರೆ ಎಕ್ಸಲೇಟರ್ ಕೆಳಗೇ ನಿಂತುಬಿಡ್ತು. ಗಾಡಿ ಸೊಪ್ಪು ಮಾರೋ ಅಜ್ಜಿಯ ಮಂಕರಿ ಮೇಲೆ ಹತ್ತಿ, ಅಜ್ಜಿ ಕಾಲು ಮುರೀತು. ಪುಣ್ಯಕ್ಕೆ ಜೀವ ಉಳೀತು. ಆಸ್ಪತ್ರೆ ಖರ್ಚು, ಊರಿನವರ ಪಂಚಾಯ್ತಿ, ಎಲ್ಲಾ ಆಯ್ತು. ಅಜ್ಜಿ ಈಗಲೂ ಕೋಲು ಹಿಡಿದೇ ನಡೆಯೋದು, ಸಂತೆಗೆ ಬರೋದು ನಿಂತೋಗಿದೆ.

ಆಮೇಲೆ ಆ ಗಾಡಿಯ ವೈರ್ ಬಿಚ್ಚಿದ್ವಿ. ಪೆಡಲ್ ಹತ್ತಿರದ ತುದೀಲಿ ಏಳೆಂಟು ಎಳೆ ಕಿತ್ತು, ಹಳೇ ಹಗ್ಗದ ನಾರಿನ ಹಂಗೆ ಎದ್ದು ನಿಂತಿದ್ವು. ತುಳಿದಾಗ ಆ ಎಳೆಗಳು ಹೊರಗಿನ ಕವಚದ ಬಾಯಿಗೆ ಸಿಕ್ಕಿ ವಾಪಸ್ ಬರ್ತಿರಲಿಲ್ಲ. ಹೊಸ ಕಾರ್ಬೋರೇಟರ್ ಪಾಪ ಏನು ಮಾಡುತ್ತೆ? ಕೆಲವು ನೂರು ರೂಪಾಯಿಯ ವೈರ್. ಅದನ್ನ ಒಬ್ಬರೂ ಬಿಚ್ಚಿ ನೋಡಿರಲಿಲ್ಲ, ಅಷ್ಟೇ ಕಥೆ. ಯಾವ ಗ್ಯಾರೇಜು ಅಂತ ಕೇಳಬೇಡಿ. ಹೆಸರು ಹೇಳಿ ಒಬ್ಬರನ್ನ ಬೈದ್ರೆ ಉಳಿದ ಹತ್ತು ಜನ ಇದೇ ಕೆಲಸ ಮುಂದುವರಿಸ್ತಾರೆ.

ಹಂಗಾಗಿ ವೈರ್ ಮೊದಲು. ಇಂಜಿನ್ ಆಫ್ ಇರಲಿ. ವೈರಿನ ತುದೀನ ಕಾರ್ಬೋರೇಟರ್ ಕಡೆಯಿಂದ ಕಳಚಿ. ಓಮ್ನಿ ಆದ್ರೆ ಮುಂದಿನ ಸೀಟು ಎತ್ತಬೇಕು, ಇಂಜಿನ್ ಅದರ ಕೆಳಗೇ ಇರೋದು. ಕಳಚಿದ ಮೇಲೆ ಕಾರ್ಬೋರೇಟರಿನ ಲಿವರನ್ನ ಬೆರಳಲ್ಲಿ ಎಳೆದು ಬಿಡಿ. ಟಪ್ ಅಂತ ವಾಪಸ್ ಬಡೀಬೇಕು. ಬಡೀತಾ, ಕಾರ್ಬೋರೇಟರ್ ಹಿಡೀತಿಲ್ಲ, ದೋಷ ವೈರಲ್ಲಿ ಇಲ್ಲಾ ಪೆಡಲಲ್ಲಿ. ಲಿವರೇ ನಿಧಾನಕ್ಕೆ ಬರ್ತಿದ್ರೆ, ಅರ್ಧಕ್ಕೆ ನಿಂತ್ರೆ, ಆಗ ಅಲ್ಲಿ ಕೊಳೆ, ಸವೆತ, ಇಲ್ಲಾ ಸ್ಪ್ರಿಂಗ್ ಸತ್ತಿದೆ. ಎರಡು ನಿಮಿಷದ ಕೆಲಸ ಇದು. ಕಾರ್ಬೋರೇಟರ್ ಬದಲಾಯಿಸಬೇಕು ಅಂತ ಯಾರೇ ಹೇಳಿದ್ರೂ, "ವೈರ್ ಕಳಚಿ ಲಿವರ್ ಬಿಟ್ಟು ತೋರಿಸಪ್ಪ" ಅಂತ ಕೇಳಿ. ತೋರಿಸೋಕೆ ಹಿಂದೇಟು ಹಾಕಿದ್ರೆ ಗಾಡಿ ತಗೊಂಡು ಬಂದ್ಬಿಡಿ.

ವೈರನ್ನ ಕೈಯಲ್ಲಿ ಹಿಂದಕ್ಕೂ ಮುಂದಕ್ಕೂ ಎಳೆದು ನೋಡಿ. ಮರಳು ಉಜ್ಜಿದ ಹಂಗೆ ಅನ್ಸಿದ್ರೆ ಒಳಗೆ ಧೂಳು ತುಂಬಿದೆ. ನಮ್ಮ ರಸ್ತೆಗಳಲ್ಲಿ ಒಕ್ಕಣೆ ಕಾಲದಲ್ಲಿ ಎಷ್ಟು ಹೊಟ್ಟು ಧೂಳು ಏಳುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ, ಎಲ್ಲಾ ಕೆಳಗಿನಿಂದ ಒಳಗೆ ಸೇರುತ್ತೆ. ಇದಕ್ಕೆ ನಮ್ಮೋರ ಔಷಧಿ ಏನಪ್ಪ ಅಂದ್ರೆ ಟ್ರ್ಯಾಕ್ಟರಿನ ಹಳೇ ಕಪ್ಪು ಆಯಿಲ್ ಸುರಿಯೋದು, ಇಲ್ಲಾ ಗ್ರೀಸ್ ಮೆತ್ತೋದು. ಒಂದು ವಾರ ನುಣ್ಣಗೆ ಹೋಗುತ್ತೆ. ಆಮೇಲೆ ಅದೇ ಗ್ರೀಸಿಗೆ ಇನ್ನಷ್ಟು ಧೂಳು ಅಂಟಿ ಗಾರೆ ಆಗುತ್ತೆ. ಎಳೆ ಕಿತ್ತಿದ್ರೆ, ಕವಚ ಬಾಗಿದ್ರೆ, ಬಿಸಿ ಸೈಲೆನ್ಸರ್ ಕೊಳವೆಗೆ ತಾಗಿ ಕರಗಿದ್ರೆ ಹೊಸ ವೈರ್ ಹಾಕಿಸಿ, ಚೌಕಾಸಿ ಬೇಡ. ಹೊಸದು ಹಾಕುವಾಗ ಎರಡು ನೋಡ್ಕೊಳ್ಳಿ. ವೈರ್ ಎಲ್ಲೂ ಚೂಪಾಗಿ ಮಡಚಬಾರದು. ಇನ್ನೊಂದು, ಕಾಲು ತೆಗೆದಿರುವಾಗ ವೈರ್ ಬಿಗಿಯಾಗಿ ನಿಲ್ಲಬಾರದು, ಬೆರಳಲ್ಲಿ ಒತ್ತಿದ್ರೆ ಒಂಚೂರು ಬಗ್ಗೋ ಅಷ್ಟು ಸಡಿಲ ಇರಬೇಕು. "ಪಿಕಪ್ ಚೆನ್ನಾಗಿ ಬರುತ್ತೆ" ಅಂತ ತಂತಿ ಬೇಲಿ ಎಳೆದ ಹಂಗೆ ವೈರ್ ಬಿಗಿಮಾಡೋರಿದ್ದಾರೆ. ಅಲ್ಲಿಗೆ ಆ ತಗಡು ಪೂರ್ತಿ ಮುಚ್ಚೋದೇ ಇಲ್ಲ. ಪಿಕಪ್ ಏನೂ ಬರಲ್ಲ, ಪೆಟ್ರೋಲ್ ಹೋಗುತ್ತೆ.

ಸ್ಪ್ರಿಂಗಿನ ಕಥೆ ಇನ್ನೂ ಚೆನ್ನಾಗಿದೆ. ರೇಸ್ ವಾಪಸ್ ಬರಲ್ಲ ಅಂತ ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗನ್ನ ಕಾರ್ಬೋರೇಟರಿಗೆ ಸಿಕ್ಕಿಸಿರೋ ಗಾಡಿ ನಾನೇ ನೋಡಿದೀನಿ. ಬುದ್ಧಿವಂತಿಕೆ ಅಂತ ಹೇಳ್ಕೊಂಡು ತಿರುಗ್ತಾರೆ ಬೇರೆ. ಆ ಗಟ್ಟಿ ಸ್ಪ್ರಿಂಗ್ ದಿನಾ ಎಳೆದೂ ಎಳೆದೂ ಲಿವರಿನ ದಂಡ ಕೂತಿರೋ ತೂತು ಒಂದು ಕಡೆಗೆ ಸವೆದು ಅಗಲ ಆಗುತ್ತೆ. ಅಲ್ಲಿಂದ ಗಾಳಿ ನುಗ್ಗುತ್ತೆ. ವೈರೂ ಬೇಗ ಕಿತ್ತು ಹೋಗುತ್ತೆ. ಅಂದ್ರೆ ಒಂದು ಕಾಯಿಲೆಗೆ ಔಷಧಿ ಕೊಟ್ಟು ಇನ್ನೆರಡು ತಂದ ಹಂಗೆ. ಅದೇ ಗಾಡಿಯ ಮೂಲ ಸ್ಪ್ರಿಂಗ್ ತಂದು ಹಾಕಿ, ಬೇರೆ ಯಾವುದೂ ಬೇಡ.

ಪೆಡಲ್ ಕೆಳಗೆ ಗೋಣಿಚೀಲ ಹಾಸೋದು ನಿಲ್ಲಿಸಿ. ಕೆಸರು ಆಗುತ್ತೆ, ನಿಜ. ಆದ್ರೆ ಆ ಚೀಲ ಮುದುರಿ ಪೆಡಲಿಗೆ ಸಿಕ್ಕಿದ್ರೆ ಮೇಲಕ್ಕೆ ಬರಲ್ಲ. ಕಾಯಿ ತುಂಬಿದಾಗ ಒಂದೊಂದು ಕಾಯಿ ಸೀಟಿನ ಮಧ್ಯದಿಂದ ಉರುಳಿ ಡ್ರೈವರ್ ಕಾಲ ಹತ್ರ ಬರೋದೂ ಇದೆ. ಅದು ಬ್ರೇಕಿನ ಕೆಳಗೆ ಹೋದ್ರೆ ಏನಾಗುತ್ತೆ ಅಂತ ಯೋಚನೆ ಮಾಡಿ.

ಈಗ ಎರಡನೇ ಕಾಯಿಲೆ, ಯಾವಾಗ್ಲೂ ರೇಸ್ ಮೇಲೇ ಇರೋದು.

ಕಾರ್ಬೋರೇಟರ್ ಗಾಡಿ ಆದ್ರೆ ಚೋಕ್ ನೋಡಿ. ಡ್ಯಾಶ್‌ಬೋರ್ಡಿನಲ್ಲಿ ಎಳೆಯೋ ಗುಬುಟು ಪೂರ್ತಿ ಒಳಗೆ ಹೋಗಿರುತ್ತೆ, ನೀವು ಚೋಕ್ ಬಿಟ್ಟಿದೀನಿ ಅಂದ್ಕೊಂಡಿರ್ತೀರ. ಅಲ್ಲಿ ಕಾರ್ಬೋರೇಟರ್ ಮೇಲೆ ಅದು ಅರ್ಧಕ್ಕೇ ನಿಂತಿರುತ್ತೆ. ಚೋಕ್ ಎಳೆದಾಗ ತಣ್ಣಗಿರೋ ಇಂಜಿನ್ ಓಡಲಿ ಅಂತ ಗಾಳಿಯ ತಗಡನ್ನೂ ಒಂದಿಷ್ಟು ತೆರೆದಿಡೋ ಏರ್ಪಾಡು ಅದರಲ್ಲೇ ಇದೆ. ಹಂಗಾಗಿ ಚೋಕ್ ವಾಪಸ್ ಬರಲಿಲ್ಲ ಅಂದ್ರೆ ರೇಸೂ ಇಳಿಯಲ್ಲ, ಹೊಗೆ ಕಪ್ಪಗೆ, ಪೆಟ್ರೋಲ್ ವಾಸನೆ, ಪ್ಲಗ್ಗಿಗೆ ಮಸಿ. ಮಗನನ್ನೋ ಮಗಳನ್ನೋ ಒಳಗೆ ಕೂರಿಸಿ ಗುಬುಟು ಎಳೆದು ಬಿಡೋಕೆ ಹೇಳಿ, ನೀವು ಮೇಲೆ ನಿಂತು ಕಣ್ಣಲ್ಲಿ ನೋಡಿ. ಪೂರ್ತಿ ನೆಟ್ಟಗೆ ತೆರೀತಾ ಇಲ್ವಾ ಗೊತ್ತಾಗುತ್ತೆ.

ಚೋಕ್ ಸರಿ ಇದ್ರೆ ಕಳ್ಳಗಾಳಿ. ಕಾರ್ಬೋರೇಟರ್ ಬುಡದ ಪ್ಯಾಕಿಂಗ್ ಒಣಗಿ ಸೀಳಿದ್ರೆ, ಸಣ್ಣ ರಬ್ಬರ್ ಪೈಪು ಬಿರುಕು ಬಿಟ್ರೆ, ಎಲ್ಲೋ ಒಂದು ಪೈಪು ಕಳಚಿ ಬಾಯಿ ತೆರ್ಕೊಂಡಿದ್ರೆ, ಬಟರ್‌ಫ್ಲೈ ಮುಚ್ಚಿದ್ರೂ ಗಾಳಿ ಅಲ್ಲಿಂದ ಹೋಗುತ್ತೆ. ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ಇಲಿ. ಕೊಟ್ಟಿಗೆ ಪಕ್ಕ, ಹುಲ್ಲಿನ ಬಣವೆ ಪಕ್ಕ ಗಾಡಿ ನಿಲ್ಲಿಸ್ತೀವಿ, ಬೆಚ್ಚಗಿನ ಇಂಜಿನ್ ಮೇಲೆ ಅದು ಸಂಸಾರ ಮಾಡುತ್ತೆ, ಪೈಪು ಕಡಿಯುತ್ತೆ. ಇಂಜಿನ್ ಓಡ್ತಿರುವಾಗ ಕಿವಿಗೊಟ್ಟು ಕೇಳಿ, ಸುಸ್ ಅಂತ ಸಣ್ಣ ಶಬ್ದ ಬರುತ್ತೆ. ಒಂದೊಂದೇ ರಬ್ಬರ್ ಪೈಪನ್ನ ಬೆರಳಲ್ಲಿ ಹಿಸುಕಿ. ಯಾವುದನ್ನ ಹಿಸುಕಿದಾಗ ಇಂಜಿನ್ ಶಬ್ದ ಬದಲಾಗುತ್ತೋ ಅದರ ಹಿಂದೆ ಬೀಳಿ. ಪ್ಯಾಕಿಂಗ್ ಅನುಮಾನ ಇದ್ರೆ ಸೋಪಿನ ನೀರು ಒಂದೆರಡು ಹನಿ ಅದರ ಅಂಚಿಗೆ ಬಿಡಿ. ಒಳಗೆ ಎಳ್ಕೊಂಡು ಶಬ್ದ ಬದಲಾದ್ರೆ ಸಿಕ್ತು ಅಂತ. ಕೆಲವರು ಓಡೋ ಇಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ನೋಡ್ತಾರೆ. ದಯವಿಟ್ಟು ಬೇಡ, ಗಾಡಿ ಸುಟ್ಟುಹೋಗುತ್ತೆ, ಪಕ್ಕದ ಬಣವೇನೂ ಹೋಗುತ್ತೆ. ಹೆಗಲ ಮೇಲಿನ ಟವಲ್ ಕೂಡ ತೆಗೆದಿಟ್ಟು ಬಗ್ಗಿ, ಬೆಲ್ಟಿಗೆ ಸಿಕ್ಕಿದ್ರೆ ಕುತ್ತಿಗೇನೇ ಎಳೆಯುತ್ತೆ.

ಸ್ಕ್ರೂ ತಿರುಗಿಸೋ ಚಾಳಿ ಶುರು ಆಗೋದು ಎಲ್ಲಿಂದ ಅಂತ ಈಗ ಹೇಳ್ತೀನಿ, ಇದೇ ಮುಖ್ಯ. ಗಾಡಿ ಎರಡು ಮೂರು ವಾರ ನಿಂತಿರುತ್ತೆ. ಕಾರ್ಬೋರೇಟರಿನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗಿ, ನಿಂತಲ್ಲಿ ಓಡೋಕೆ ಪೆಟ್ರೋಲ್ ಕೊಡೋ ಸಣ್ಣ ಜೆಟ್ಟಿನ ತೂತು ಕಟ್ಕೊಳ್ಳುತ್ತೆ. ಕೂದಲಿನಷ್ಟು ತೂತು ಅದು. ಈಗ ಗಾಡಿ ಕಾಲು ತೆಗೆದ ತಕ್ಷಣ ಆಫ್ ಆಗುತ್ತೆ. ಗ್ಯಾರೇಜಿನಲ್ಲಿ ಜೆಟ್ ಬಿಚ್ಚಿ ಕ್ಲೀನ್ ಮಾಡೋ ಬದಲು ಐಡಲ್ ಸ್ಕ್ರೂ ಎರಡು ಸುತ್ತು ಒಳಕ್ಕೆ ಕೊಡ್ತಾರೆ. ತಗಡು ಇನ್ನಷ್ಟು ತೆರ್ಕೊಂಡು ಬೇರೆ ತೂತಿನಿಂದ ಪೆಟ್ರೋಲ್ ಎಳ್ಕೊಂಡು ಇಂಜಿನ್ ಓಡುತ್ತೆ. ನಾವೂ "ಸರಿ ಆಯ್ತು" ಅಂತ ಬರ್ತೀವಿ. ಒಂದು ದಿನ ಹೈವೇನಲ್ಲಿ ಜೋರಾಗಿ ಓಡಿಸಿದಾಗ ಆ ಕಸ ತಾನೇ ಬಿಟ್ಕೊಳ್ಳುತ್ತೆ. ಅಲ್ಲಿಂದ ರೇಸ್ ಗಗನಕ್ಕೆ. ಆಗ ಇನ್ನೊಬ್ಬ ಮೆಕ್ಯಾನಿಕ್ಕು, ಅವನು ಪಕ್ಕದ ಮಿಕ್ಸ್ಚರ್ ಸ್ಕ್ರೂನೂ ತಿರುಗಿಸ್ತಾನೆ. ಮೂರನೆಯವನ ಕೈಗೆ ಬರೋ ಹೊತ್ತಿಗೆ ಯಾವುದು ಎಲ್ಲಿತ್ತು ಅಂತ ದೇವರಿಗೂ ಗೊತ್ತಿರಲ್ಲ. ಆಗ ಅವನು ಹೇಳ್ತಾನೆ, ಕಾರ್ಬೋರೇಟರ್ ಹೋಗಿದೆ ಅಂತ. ಅದು ಹೋಗಿರಲಿಲ್ಲ ಕಣ್ರಪ್ಪ, ಇವರೇ ಕಳಿಸಿದ್ದು.

ಕ್ಲೀನ್ ಮಾಡೋದಕ್ಕೆ ಕಾರ್ಬೋರೇಟರ್ ಕ್ಲೀನರ್ ಸ್ಪ್ರೇ ಡಬ್ಬ ಸಿಗುತ್ತೆ, ಮತ್ತೆ ಗಾಳಿ. ಜೆಟ್ಟಿಗೆ ಸೂಜಿ, ಬೈಂಡಿಂಗ್ ವೈರ್ ತೂರಿಸಬೇಡಿ, ತೂತು ದೊಡ್ಡದಾದ್ರೆ ಪೆಟ್ರೋಲ್ ಲೆಕ್ಕ ತಪ್ಪುತ್ತೆ. ವೈರ್, ಚೋಕ್, ಪೈಪು, ಪ್ಯಾಕಿಂಗ್, ಜೆಟ್ ಎಲ್ಲಾ ನೋಡಿ ಮುಗಿದ ಮೇಲೆ, ಇಂಜಿನ್ ಚೆನ್ನಾಗಿ ಬಿಸಿ ಆದ ಮೇಲೆ, ಆಗ ಕಟ್ಟಕಡೆಗೆ ಐಡಲ್ ಸ್ಕ್ರೂ. ಅದಕ್ಕೆ ಅಲ್ಲೇ ಜಾಗ.

2000ನೇ ಇಸವಿ ಆಸುಪಾಸಿನಿಂದ ಬಂದ ಎಂಪಿಎಫ್‌ಐ ಗಾಡಿಗಳಲ್ಲಿ ಕಾರ್ಬೋರೇಟರ್ ಇಲ್ಲ, ಥ್ರಾಟಲ್ ಬಾಡಿ ಅಂತ ಇರುತ್ತೆ. ವೈರ್, ಸ್ಪ್ರಿಂಗ್, ಬಟರ್‌ಫ್ಲೈ ಅದೇ ಲೆಕ್ಕ. ಆದ್ರೆ ನಿಂತಲ್ಲಿ ಎಷ್ಟು ಗಾಳಿ ಬೇಕು ಅಂತ ಕಂಪ್ಯೂಟರ್ ಒಂದು ಸಣ್ಣ ವಾಲ್ವ್ ಮೂಲಕ ಕೊಡುತ್ತೆ. ಇದರಲ್ಲಿ ಸ್ಕ್ರೂ ಮುಟ್ಟೋದು ಇನ್ನೂ ದೊಡ್ಡ ಅಪರಾಧ. ಕಂಪನಿಯಿಂದ ಬಣ್ಣ ಹಾಕಿ ಮುಚ್ಚಿ ಕಳಿಸಿರ್ತಾರೆ, ಅದನ್ನೂ ಕೆರೆದು ತಿರುಗಿಸಿರ್ತಾರೆ ಪುಣ್ಯಾತ್ಮರು. ಈ ಗಾಡೀಲಿ ಎಕ್ಸಲೇಟರ್ ಮೊದಲು ತುಳಿದಾಗ ಗಟ್ಟಿಯಾಗಿ ಹಿಡಿದು ಆಮೇಲೆ ಸಡನ್ನಾಗಿ ಎಗರಿದ್ರೆ, ತಗಡಿನ ಅಂಚಿಗೆ ಮಸಿ ಕಟ್ಟಿದೆ ಅಂತ. ಇಂಜಿನ್ ಆಫ್ ಮಾಡಿ, ಗಾಳಿ ಪೈಪು ಕಳಚಿ, ತಗಡನ್ನ ಕೈಯಲ್ಲಿ ತೆರೆದು ಹಿಡಿದು, ಬಟ್ಟೆಗೆ ಕ್ಲೀನರ್ ಹಾಕಿ ಅಂಚು ಒರೆಸಿ. ಉಪ್ಪುಕಾಗದ, ತಂತಿ ಬ್ರಷ್, ಸ್ಕ್ರೂ ಡ್ರೈವರ್ ತುದಿ ಯಾವುದೂ ಬೇಡ. ಗಾಳಿ ವಾಲ್ವಿಗೂ ಮಸಿ ಕಟ್ಟಿರುತ್ತೆ, ಅದನ್ನ ಬಿಚ್ಚೋ ಕೆಲಸ ತಿಳಿದೋರಿಗೆ ಬಿಡಿ. ಕ್ಲೀನ್ ಆದ ಮೇಲೆ ಸ್ವಲ್ಪ ಹೊತ್ತು ರೇಸ್ ಹೆಚ್ಚು ಕಮ್ಮಿ ಆಗಬಹುದು, ಕಂಪ್ಯೂಟರ್ ಹೊಸ ಲೆಕ್ಕ ಕಲಿಯೋ ತನಕ. ಗಾಬರಿ ಬೇಡ.

ಇದರಲ್ಲಿ ಇನ್ನೊಂದು ನಮ್ಮ ಕೈಯಾರೆ ಮಾಡ್ಕೊಂಡಿರೋದಿದೆ. ಗಾಡಿ ಬಿಸಿ ಆಗುತ್ತೆ ಅಂತ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಬಿಸಾಡೋದು. ಅದನ್ನ ಕಿತ್ತ ಮೇಲೆ ಇಂಜಿನ್ ಬೇಕಾದಷ್ಟು ಬಿಸೀನೇ ಆಗಲ್ಲ, ಅದರಲ್ಲೂ ಚಳಿಗಾಲದ ಬೆಳಗ್ಗೆ. ಇಂಜಿನ್ ಇನ್ನೂ ತಣ್ಣಗಿದೆ ಅಂತ ಕಂಪ್ಯೂಟರ್ ತಿಳ್ಕೊಂಡು ರೇಸ್ ಜಾಸ್ತಿ ಇಟ್ಟು ಪೆಟ್ರೋಲೂ ಜಾಸ್ತಿ ಕೊಡುತ್ತೆ. ಅದರ ಮೇಲೆ ರೇಡಿಯೇಟರಿಗೆ ಬೋರ್‌ವೆಲ್ ನೀರು. ನಮ್ಮ ನೀರು ಪಾತ್ರೆ ತಳದಲ್ಲಿ ಹೆಂಗೆ ಬಿಳೀ ಕಲ್ಲು ಕಟ್ಟುತ್ತೋ ಹಂಗೇ ಅಲ್ಲಿನ ಸೆನ್ಸರಿಗೂ ಕಟ್ಟುತ್ತೆ. ಕೂಲಂಟ್ ಹಾಕಿ ಅಂದ್ರೆ ದುಬಾರಿ ಅಂತಾರೆ.

ನಾನು ಇದನ್ನೆಲ್ಲ ಹೇಳಿದಾಗ, "ಮೆಕ್ಯಾನಿಕ್ಕುಗಳ ಹೊಟ್ಟೆ ಮೇಲೆ ಹೊಡೀತೀಯ" ಅಂತ ಒಬ್ಬರು ಜಗಳಕ್ಕೇ ಬಂದ್ರು. ಇಲ್ಲ ಸ್ವಾಮಿ. ಅವರ ಪರವಾಗಿ ಒಂದು ಮಾತು ನಾನೇ ಹೇಳ್ತೀನಿ. ಒಬ್ಬ ಮೆಕ್ಯಾನಿಕ್ ಒಂದು ಗಂಟೆ ಬಗ್ಗಿ ನಿಂತು ಹುಡುಕಿ, ಇಲಿ ಕಡಿದ ಪೈಪು ಪತ್ತೆ ಮಾಡಿ, ಅರ್ಧ ಅಡಿ ಹೊಸ ಪೈಪು ಹಾಕಿ "ಮುನ್ನೂರು ಕೊಡಣ್ಣ" ಅಂದ್ರೆ ನಮ್ಮ ಜನ ಕುಣಿದಾಡ್ತಾರೆ. "ಒಂದು ತುಂಡು ಪೈಪಿಗೆ ಮುನ್ನೂರಾ?" ಅಂತ. ಅದೇ ಅವನು ಏನೂ ಹುಡುಕದೆ ಡಬ್ಬದಲ್ಲಿರೋ ಹೊಸ ಸಾಮಾನು ತೋರಿಸಿ ಸಾವಿರಗಟ್ಟಲೆ ಬಿಲ್ ಕೊಟ್ರೆ, ಡಬ್ಬ ನೋಡಿ ಸುಮ್ಮನೆ ಎಣಿಸಿ ಕೊಡ್ತಾರೆ. ಹುಡುಕಿದ್ದಕ್ಕೆ ಕೂಲಿ ಇಲ್ಲ, ಸಾಮಾನು ಮಾರಿದ್ದಕ್ಕೆ ಲಾಭ ಇದೆ. ಅವನು ಏನು ಕಲೀತಾನೆ? ಸಾಮಾನು ಮಾರೋದು ಕಲೀತಾನೆ. ಗೊಬ್ಬರದ ಅಂಗಡೀಲೂ ಇದೇ ನಡೀತಿರೋದು. ಎಲೆ ಹಳದಿ ಆಗಿದೆ ಅಂದ್ರೆ ಒಂದು ಬಾಟಲಿ ಕೈಗೆ ಬರುತ್ತೆ, ಬುಡ ಅಗೆದು ಬೇರು ನೋಡು ಅಂತ ಹೇಳಿದೋನಿಗೆ ಒಂದು ಟೀನೂ ಕೊಡಿಸಲ್ಲ ನಾವು.

ಹಂಗಾಗಿ ನಾನು ಕೇಳೋದು ಎರಡೂ ಕಡೆಗೆ. ಗ್ಯಾರೇಜಿನೋರು ಕಾರಣ ತೋರಿಸದೆ ಸಾಮಾನು ಬದಲಾಯಿಸಬಾರದು. ಬದಲಾಯಿಸಿದ್ರೆ ಹಳೇದನ್ನ ನಮ್ಮ ಕೈಗೇ ಕೊಡಬೇಕು. ಬಿಲ್ಲಿನಲ್ಲಿ ಕೂಲಿ ಬೇರೆ, ಸಾಮಾನು ಬೇರೆ ಬರೀಬೇಕು. ನಮ್ಮೋರು ಹುಡುಕೋ ಕೂಲೀನ ಮರ್ಯಾದೆಯಿಂದ ಕೊಡಬೇಕು, ಪೈಪು ಒಂದೇ ತುಂಡು ಆಗಿದ್ರೂ ಸರಿ. ನಮ್ಮ ಕಡೆಯೇ ಇಂಥ ಒಬ್ಬಿಬ್ಬರು ಮೆಕ್ಯಾನಿಕ್ ಇದಾರೆ, ಮೊದಲು ಕಿವಿ ಕೊಟ್ಟು ಆಮೇಲೆ ಕೈ ಹಾಕೋರು. ಅವರ ಅಂಗಡಿ ಮುಂದೆ ಗಾಡಿ ಕಮ್ಮಿ, ಬೇಗ ಬೇಗ ಬಿಲ್ ಮಾಡೋನ ಮುಂದೆ ಸಾಲು.

ಇನ್ನು ಕೆಲವರದ್ದು ಇನ್ನೊಂದು ವಾದ. ಹಳೇ ಗಾಡಿ ಗುಜರಿಗೆ ಹಾಕಿ, ಸಾಲ ಮಾಡಿ ಹೊಸದು ತಗೊಳ್ಳಿ ಅಂತ. ಹೇಳೋದು ಸುಲಭ. ಕೊಬ್ಬರಿ ರೇಟು ಇವತ್ತು ಇದ್ದಂಗೆ ನಾಳೆ ಇರಲ್ಲ, ಕಂತು ಮಾತ್ರ ತಿಂಗಳು ತಿಂಗಳು ತಪ್ಪಲ್ಲ. ಹದಿನೈದು ವರ್ಷ ಆದ ಮೇಲೆ ಆರ್‌ಸಿ ರಿನ್ಯೂವಲ್ ಮಾಡಿಸಿ ಓಡಿಸೋಕೆ ಕಾನೂನೇ ಅವಕಾಶ ಕೊಟ್ಟಿದೆ, ಗಾಡಿ ಸುಸ್ಥಿತೀಲಿ ಇರಬೇಕು ಅಷ್ಟೆ. ಹಳೇದು ಅನ್ನೋದು ಅಪಾಯ ಅಲ್ಲ. ಕಿತ್ತ ವೈರಿನ ಹೊಸ ಗಾಡಿಗಿಂತ ಒಳ್ಳೇ ವೈರಿನ ಹಳೇ ಗಾಡಿ ಮೇಲು.

"ರೇಸ್ ಜಾಸ್ತಿ ಇದ್ರೆ ಒಳ್ಳೇದೇ, ಆಫ್ ಆಗಲ್ಲ" ಅನ್ನೋರಿಗೂ ಒಂದು ಮಾತು. ನಿಂತಲ್ಲಿ ಪೆಟ್ರೋಲ್ ಕುಡಿಯುತ್ತೆ, ಅದು ಹೋಗಲಿ. ಇಳಿಜಾರಲ್ಲಿ ಕಾಲು ತೆಗೆದ್ರೆ ಇಂಜಿನ್ ಗಾಡೀನ ಹಿಡಿಯಬೇಕು, ಇಲ್ಲಿ ಅದೇ ತಳ್ಳುತ್ತೆ. ಎಲ್ಲಾ ಭಾರ ಬ್ರೇಕಿನ ಮೇಲೆ. ತುಂಬಿದ ಗಾಡಿ, ಕೆರೆ ಏರಿಯ ಇಳಿಜಾರು, ಕೆಳಗೆ ಸ್ಕೂಲು ಬಿಟ್ಟ ಮಕ್ಕಳು. ಲೆಕ್ಕ ಹಾಕ್ಕೊಳ್ಳಿ.

ಓಡಿಸ್ತಿರುವಾಗಲೇ ಎಕ್ಸಲೇಟರ್ ಹಿಡ್ಕೊಂಡ್ರೆ ಏನು ಮಾಡಬೇಕು ಅನ್ನೋದನ್ನ ಮನೇಲಿ ಗಾಡಿ ಓಡಿಸೋ ಎಲ್ಲರಿಗೂ ಹೇಳಿಕೊಡಿ, ಹೆಣ್ಣುಮಕ್ಕಳಿಗೂ. ಬಗ್ಗಿ ಕೈಯಲ್ಲಿ ಪೆಡಲ್ ಎಳೆಯೋಕೆ ಹೋಗಬೇಡಿ, ರಸ್ತೆ ಮೇಲಿಂದ ಕಣ್ಣು ಹೋಗುತ್ತೆ. ಕ್ಲಚ್ ಪೂರ್ತಿ ತುಳಿಯಿರಿ, ಗೇರ್ ನ್ಯೂಟ್ರಲ್‌ಗೆ ತನ್ನಿ. ಇಂಜಿನ್ ಕಿರುಚುತ್ತೆ, ಕಿರುಚಲಿ ಬಿಡಿ, ಚಕ್ರಕ್ಕೆ ಬಲ ಹೋಗೋದು ನಿಂತಿರುತ್ತೆ. ಬ್ರೇಕನ್ನ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬಿಟ್ಟು ಬಿಟ್ಟು ತುಳಿಯಬೇಡಿ, ರೇಸ್ ಪೂರ್ತಿ ತೆರೆದಿರುವಾಗ ಬೂಸ್ಟರಿಗೆ ಎಳೆತ ಸಿಗಲ್ಲ, ಎರಡು ಮೂರು ಸಲ ತುಳಿಯೋ ಅಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತೆ. ಪಕ್ಕಕ್ಕೆ ತಂದು ಗಾಡಿ ನಿಂತ ಮೇಲೆ ಕೀ ಆಫ್ ಮಾಡಿ. ಓಡ್ತಿರುವಾಗಲೇ ಆಫ್ ಮಾಡಲೇಬೇಕಾಗಿ ಬಂದ್ರೆ ಕೀಯನ್ನ ಒಂದೇ ಹಂತ ಹಿಂದಕ್ಕೆ ತಿರುಗಿಸಿ. ಪೂರ್ತಿ ತಿರುಗಿಸಿ ಈಚೆಗೆ ತೆಗೆದ್ರೆ ಸ್ಟೇರಿಂಗ್ ಲಾಕ್ ಆಗುತ್ತೆ. ಖಾಲಿ ಮೈದಾನದಲ್ಲಿ ನಿಧಾನಕ್ಕೆ ಹೋಗ್ತಾ ಕ್ಲಚ್, ನ್ಯೂಟ್ರಲ್, ಬ್ರೇಕ್ ಎರಡು ಸಲ ಅಭ್ಯಾಸ ಮಾಡಿಸಿ.

ಗ್ಯಾರೇಜಿನಿಂದ ಗಾಡಿ ಬಂದ ದಿನವೇ ಮೂಟೆ ತುಂಬಿ ಸಂತೆಗೆ ಹೊರಡಬೇಡಿ. ಮೊದಲು ಇಂಜಿನ್ ಆಫ್ ಇರುವಾಗ ಪೆಡಲ್ ಇಪ್ಪತ್ತು ಸಲ ತುಳಿದು ಬಿಡಿ, ನಿಧಾನಕ್ಕೆ ಹತ್ತು, ಜೋರಾಗಿ ಹತ್ತು. ಸ್ಟೇರಿಂಗನ್ನ ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ ಇನ್ನೊಂದು ಸಲ ನೋಡಿ, ವೈರ್ ಎಲ್ಲಾದ್ರೂ ಸಿಕ್ಕುತ್ತಾ ಅಂತ. ಆಮೇಲೆ ಬಿಸಿ ಆಗೋ ತನಕ ಓಡಿಸಿ ಬಂದು ಮತ್ತೊಂದು ಸಲ. ಎಷ್ಟೋ ಗಾಡಿ ತಣ್ಣಗಿರುವಾಗ ಸರಿ ಇದ್ದು ಬಿಸಿ ಆದ ಮೇಲೆ ಹಿಡ್ಕೊಳ್ತವೆ. ಯಾರಿಗಾದ್ರೂ ವೈರ್ ಕಳಚೋಕೆ ಗೊತ್ತಾಗದಿದ್ರೆ ಭಾನುವಾರ ಬೆಳಗ್ಗೆ ಹಾಲಿನ ಡೈರಿ ಹತ್ರ ಗಾಡಿ ತನ್ನಿ, ನಾನು ಅಲ್ಲೇ ಇರ್ತೀನಿ. ಹತ್ತು ನಂಬರ್ ಸ್ಪ್ಯಾನರ್ ನಿಮ್ಮದೇ ತನ್ನಿ, ನನ್ನದು ಯಾರೋ ತಗೊಂಡು ಹೋದೋರು ಇನ್ನೂ ಕೊಟ್ಟಿಲ್ಲ.